ಹಳಿ ಇದೆ, ರೈಲಿಲ್ಲ

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳಾಯಿತು. ಆಫೀಸು, ರಿಲೀಸು, ಬಗ್ಗು ಅಂತ ನೆಪ ಹೇಳಬಹುದು. ನಿಜವಾದ ಕಾರಣ ಬೇರೆ. ಬೆಂಗಳೂರಿನ ನನ್ನ ಬಾಡಿಗೆ ಮನೆಯ ಎರಡನೇ ರೂಮಿನಲ್ಲಿ ಒಂದು ರೈಲ್ವೆ ಲೈನು ಹಾಕುತ್ತಿದ್ದೆ :)

ಆರಡಿಗೆ ಮೂರಡಿ ಪ್ಲೈವುಡ್ಡು, ಅದರ ಮೇಲೆ ಥರ್ಮೋಕೋಲಿನ ಗುಡ್ಡ, ಗುಡ್ಡಕ್ಕೆ ಸುರಂಗ, ಒಂದು ಪುಟ್ಟ ಸ್ಟೇಷನ್ನು. ಕಳೆದ ಭಾನುವಾರ ಸ್ಟೇಷನ್ನಿಗೆ ಹಳದಿ ಬೋರ್ಡು ನೆಟ್ಟೆ. ಕಪ್ಪು ಅಕ್ಷರದಲ್ಲಿ 'ಕುಟ್ಟ' ಅಂತ ಬರೆದೆ. ನಿಜವಾದ ಬೋರ್ಡುಗಳಲ್ಲಿ ಇರುವಂತೆ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತಲೂ ಬರೆದೆ. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಮಲಗಿದೆ.

ಬೆಳಿಗ್ಗೆ ಏಳುವಷ್ಟರಲ್ಲಿ ಮಹಾಯುದ್ಧ.

ನಮ್ಮೂರಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಕುಟ್ಟ ಇರುವುದು ಕೊಡಗಿನ ದಕ್ಷಿಣದ ತುದಿಯಲ್ಲಿ. ಪೇಟೆ ದಾಟಿ ಸ್ವಲ್ಪ ಮುಂದೆ ಹೋದರೆ ಕೇರಳ, ತೋಲ್ಪೆಟ್ಟಿ ಕಾಡು. ಒಂದು ಪಕ್ಕ ನಾಗರಹೊಳೆ, ಇನ್ನೊಂದು ಪಕ್ಕ ಬ್ರಹ್ಮಗಿರಿ. ನಡುವೆ ಕಾಫಿ ತೋಟ, ಗದ್ದೆ, ನಾವು. ಇಡೀ ಕೊಡಗು ಜಿಲ್ಲೆಯಲ್ಲೇ ರೈಲು ಮಾರ್ಗ ಇಲ್ಲ. ರೈಲು ಹತ್ತಬೇಕಾದರೆ ಮೈಸೂರಿಗೆ ಹೋಗಬೇಕು, ಇಲ್ಲವೇ ಘಟ್ಟ ಇಳಿದು ತಲಶ್ಶೇರಿಗೆ ಹೋಗಬೇಕು.

ಅಂಥ ಊರಿನ ಹುಡುಗನಿಗೆ ರೈಲಿನ ಹುಚ್ಚು ಹೇಗೆ ಹಿಡಿಯಿತು? ಶಾಲೆಯ ಟೂರಿನಲ್ಲಿ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. 1979ರಲ್ಲಿ ಶುರುವಾದದ್ದು ಅದು. ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿದೆ. ಎಲ್ಲರೂ ಅದನ್ನು ನೋಡುತ್ತಿದ್ದರೆ ನಾನು ಒಂದು ಹಳೇ ಉಗಿ ಎಂಜಿನ್ನಿನ ಕೆಳಗೆ ಬಗ್ಗಿ ಚಕ್ರಕ್ಕೂ ಸಲಾಕೆಗೂ ಏನು ಸಂಬಂಧ ಅಂತ ನೋಡುತ್ತಾ ಕೂತಿದ್ದೆ. ಬಸ್ಸು ಹೊರಡುವ ಹೊತ್ತಿಗೆ ನಾನಿಲ್ಲ ಅಂತ ಮೇಷ್ಟ್ರು ಹುಡುಕಿಕೊಂಡು ಬಂದು ಕಿವಿ ಹಿಂಡಿದರು. ಅಲ್ಲಿಂದ ಬಿಡಲಿಲ್ಲ ಈ ಚಟ.

ಇದು ನನ್ನೊಬ್ಬನ ಚಟವಲ್ಲ. ನಮ್ಮ ದೇಶದಲ್ಲಿ ರೈಲು ಹುಚ್ಚರ ದೊಡ್ಡ ಪಡೆಯೇ ಇದೆ. ಪುಣೆಯಲ್ಲಿ ಜೋಶಿ ಎಂಬುವರು ಪುಟ್ಟ ರೈಲುಗಳದ್ದೇ ಒಂದು ಮ್ಯೂಸಿಯಂ ಮಾಡಿದ್ದಾರೆ, 1998ರಿಂದ ನಡೆಯುತ್ತಿದೆ. ಬೆಂಗಳೂರಿನಲ್ಲಿ ನಮ್ಮದೊಂದು ಐದಾರು ಜನರ ಗುಂಪು. ಭಾನುವಾರ ಬೆಳಿಗ್ಗೆ ಫ್ಲೈಓವರಿನ ಮೇಲೋ ಪ್ಲಾಟ್‌ಫಾರ್ಮಿನ ತುದಿಯಲ್ಲೋ ನಿಂತು ಎಂಜಿನ್ ನಂಬರು, ಅದು ಯಾವ ಶೆಡ್ಡಿನದು ಅಂತ ಬರೆದುಕೊಳ್ಳುತ್ತೇವೆ. ದಿನಾ ಬರುವ ಎಂಜಿನ್ ಬಿಟ್ಟು ಬೇರೆ ಶೆಡ್ಡಿನ ಎಂಜಿನ್ ಬಂದರೆ ಅದಕ್ಕೆ 'ಆಫ್‌ಲಿಂಕ್' ಅಂತ ಹೆಸರು. ಆಫ್‌ಲಿಂಕ್ ಸಿಕ್ಕ ದಿನ ಮಸಾಲೆ ದೋಸೆ. ನೋಡಿದವರು ನಗುತ್ತಾರೆ, ನಗಲಿ. ಕ್ರಿಕೆಟ್ ಸ್ಕೋರು ಬಾಯಿಪಾಠ ಮಾಡುವವರನ್ನು ಯಾರೂ ನಗುವುದಿಲ್ಲವಲ್ಲ!

ಮಾಡೆಲ್ ಮಾಡುವವರ ಪಾಡು ಇನ್ನೊಂದು ಥರ. ನನ್ನದು ಎನ್ ಸ್ಕೇಲು, ಅಂದರೆ 160 ಮೀಟರ್ ಇದ್ದದ್ದು ಒಂದು ಮೀಟರ್ ಆಗುತ್ತದೆ. ಹಳಿಗಳ ನಡುವಿನ ಅಂತರ 9 ಮಿಲಿಮೀಟರ್. ಇಲ್ಲೇ ಮೊದಲ ತಕರಾರು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 160ರಿಂದ ಭಾಗಿಸಿದರೆ ಹತ್ತೂವರೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಳಿ ಅಮೆರಿಕ, ಯುರೋಪಿನ ಗೇಜಿಗೆ ಮಾಡಿದ್ದು. ಹಾಗಾಗಿ ನಮ್ಮ ಬೋಗಿಗಳೆಲ್ಲ ಸ್ವಲ್ಪ ಕಾಲು ಕೂಡಿಸಿಕೊಂಡು ನಿಂತಂತೆ ಕಾಣುತ್ತವೆ. ಇದನ್ನು ಒಪ್ಪಿಕೊಳ್ಳಬೇಕೋ ಬೇಡವೋ ಅಂತ ನಮ್ಮ ಗುಂಪಿನಲ್ಲಿ ಗಂಟೆಗಟ್ಟಲೆ ಜಗಳ. ನಾನು ಒಪ್ಪಿಕೊಂಡವನು. ಎಂಜಿನ್ ಕೂಡ ಹಾಗೇ. ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕ ಅಮೆರಿಕದ ಎಸ್‌ಡಿ70ಮ್ಯಾಕ್. ನಮ್ಮ ಡಬ್ಲ್ಯೂಡಿಜಿ-4 ಕೂಡ ಅದೇ ಕಂಪನಿಯ ವಿನ್ಯಾಸದ್ದು, ದಾಯಾದಿ ಅಂದುಕೊಳ್ಳಿ. ಬಣ್ಣ ಬದಲಾಯಿಸಿ ದಾಯಾದಿಯನ್ನು ಮನೆಯವನನ್ನಾಗಿ ಮಾಡಿದೆ. ನೆಲಕ್ಕೆ ಹಾಕಿದ ಮಣ್ಣು ಮಾತ್ರ ಅಸಲಿ. ದೀಪಾವಳಿಗೆ ಊರಿಗೆ ಹೋದಾಗ ಮನೆ ಹಿಂದಿನ ಕೆಂಪು ಮಣ್ಣನ್ನು ಅಮ್ಮನ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ತಂದಿದ್ದೆ. ಆ ಜಾಲರಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಸರಿ, ಜಗಳಕ್ಕೆ ಬರೋಣ. ಮೊದಲ ಫೋನು ದೊಡ್ಡಪ್ಪನದ್ದು.

"ಏನೋ ಇದು? ನಾವು ಬೀದಿಗಿಳಿದು ಬೇಡ ಬೇಡ ಅಂದದ್ದನ್ನ ನೀನು ಮೇಜಿನ ಮೇಲೆ ತಂದಿಟ್ಟಿದ್ದೀಯಲ್ಲ!"

"ದೊಡ್ಡಪ್ಪ, ಅದು ಆಟದ್ದು."

"ಆಟದ್ದಾದರೆ ಬೇರೆ ಊರಿನ ಹೆಸರು ಸಿಗಲಿಲ್ಲವಾ ನಿನಗೆ?"

ಅವರ ಸಿಟ್ಟಿಗೆ ಕಾರಣ ಇದೆ. ಮೈಸೂರಿಗೂ ತಲಶ್ಶೇರಿಗೂ ರೈಲು ಹಾಕಬೇಕು ಅನ್ನುವ ಮಾತು ಬ್ರಿಟಿಷರ ಕಾಲದಿಂದ ಇದೆ. ಕೆಲವು ವರ್ಷಗಳ ಹಿಂದೆ ಅದಕ್ಕೆ ಮತ್ತೆ ಜೀವ ಬಂದು, ವಯನಾಡಿನಿಂದ ಕುಟ್ಟದ ಕಡೆ ಬಂದು ಮೈಸೂರಿಗೆ ಹೋಗುವ ಗೆರೆ ಎಳೆದಿದ್ದರು. 2018ರಲ್ಲಿ ಕೊಡಗಿನವರು ಮೈಸೂರಿಗೆ ಬಂದು ಮೆರವಣಿಗೆ ಮಾಡಿದರು. ದೊಡ್ಡಪ್ಪನೂ ಬಿಸಿಲಿನಲ್ಲಿ ನಡೆದಿದ್ದರು. 2022ರ ಸೆಪ್ಟೆಂಬರಿನಲ್ಲಿ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಬೆಂಗಳೂರಿಗೆ ಬಂದಾಗ, ಆಗಿನ ನಮ್ಮ ಮುಖ್ಯಮಂತ್ರಿ ಬೊಮ್ಮಾಯಿಯವರು ಈ ಮಾರ್ಗ ಆಗುವುದಿಲ್ಲ ಅಂದರು. ಅದಕ್ಕೂ ಮೊದಲು ದಕ್ಷಿಣ ಕೊಡಗಿನಲ್ಲಿ ಮೈಸೂರು–ಕೋಳಿಕ್ಕೋಡ್ ಹೈಟೆನ್ಷನ್ ವಿದ್ಯುತ್ ಲೈನಿಗಾಗಿ ಐವತ್ತು ಸಾವಿರಕ್ಕೂ ಹೆಚ್ಚು ಮರ ಹೋದವು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಕಣ್ಣಾರೆ ಕಂಡವರಿಗೆ 'ಸರ್ವೆ' ಅನ್ನುವ ಪದ ಕೇಳಿದರೆ ಮೈ ಉರಿಯುವುದು ಸಹಜ.

ದೊಡ್ಡಪ್ಪನಿಗೆ ಆ ದಿನ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕುಟ್ಟಕ್ಕೆ ರೈಲು ಬೇಡ ಅಂತ ನನಗೆ ಖಾತ್ರಿಯಾದದ್ದೇ ಈ ಆಟದ ರೈಲಿನಿಂದ.

ಹೇಗೆ ಅಂದರೆ, ಮೊದಲು ನಾನು ಗುಡ್ಡಕ್ಕೆ 25ಕ್ಕೆ 1ರ ಏರು ಕೊಟ್ಟಿದ್ದೆ. ಎಂಟು ಬೋಗಿ ಸಿಕ್ಕಿಸಿದರೆ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತಿತ್ತು. ಸರಿ ಅಂತ ನಮ್ಮ ಸಕಲೇಶಪುರ ಘಾಟಿಯಲ್ಲಿ ಇರುವಂತೆ 50ಕ್ಕೆ 1 ಮಾಡಿದೆ. ಏರು ಅರ್ಧವಾದರೆ ದಾರಿ ಎರಡು ಪಟ್ಟು ಆಗಬೇಕು. ದಾರಿ ಉದ್ದ ಆಗಬೇಕಾದರೆ ಜಾಗ ಬೇಕು. ಮೇಜಿನ ಮೇಲೆ ಜಾಗ ಉಳಿದದ್ದು ಒಂದೇ ಕಡೆ, ಕಾಫಿ ತೋಟದಲ್ಲಿ. ಪಾತ್ರೆ ಉಜ್ಜುವ ಸ್ಪಾಂಜನ್ನು ಚೂರು ಮಾಡಿ ಎರಡು ವಾರ ಕೂತು ಅಂಟಿಸಿದ್ದ ತೋಟ. ಕಟರ್ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಎತ್ತಿ ಬಿಸಾಕಿದೆ. ಬೇಜಾರೂ ಆಗಲಿಲ್ಲ. ಆಗಲಿಲ್ಲವಲ್ಲ ಅಂತ ಆಮೇಲೆ ಬೇಜಾರಾಯಿತು.

ಈಗ ದೊಡ್ಡ ಲೆಕ್ಕ ಹಾಕಿ. ತಲಶ್ಶೇರಿ ಸಮುದ್ರದ ದಂಡೆ. ಕುಟ್ಟದ ಎತ್ತರ ಎಂಟುನೂರು ಮೀಟರ್ ಅಂತ ಹಿಡಿಯಿರಿ. 50ಕ್ಕೆ 1ರ ಲೆಕ್ಕದಲ್ಲಿ ಒಂದಿಷ್ಟೂ ಸಮತಟ್ಟಿಲ್ಲದೆ 40 ಕಿಲೋಮೀಟರ್ ಹತ್ತುತ್ತಲೇ ಇರಬೇಕು. ಘಟ್ಟವೋ ಕೆಲವೇ ಕಿಲೋಮೀಟರಿನಲ್ಲಿ ಗೋಡೆಯಂತೆ ಎದ್ದು ನಿಂತಿದೆ. ಸುತ್ತಿ ಸುತ್ತಿ ಹತ್ತಬೇಕು, ಇಲ್ಲವೇ ಕೊರೆಯಬೇಕು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಹೆಚ್ಚುಕಡಿಮೆ ಅಷ್ಟೇ ಏರು. ಅದಕ್ಕೆ 55 ಕಿಲೋಮೀಟರ್ ದಾರಿ, 57 ಸುರಂಗ. ಹಿಂದಿನಿಂದ ನೂಕಲು ಬೇರೆ ಎಂಜಿನ್. ಇಷ್ಟಾದರೂ 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಹಲವು ದಿನ ರೈಲು ನಿಂತವು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಏನಾಯಿತು ಅಂತ ನಿಮಗೆ ಗೊತ್ತಿದೆ. 2018ರಲ್ಲಿ ನಮ್ಮ ಮಕ್ಕಂದೂರು, ಜೋಡುಪಾಲದ ಕಡೆ ಆದದ್ದೂ ಗೊತ್ತಿದೆ. ನನ್ನ ಥರ್ಮೋಕೋಲ್ ಗುಡ್ಡಕ್ಕೆ ಮಳೆ ಬರುವುದಿಲ್ಲ.

ಇನ್ನು ಆನೆ. ನಮ್ಮ ಕಡೆ ಹಳಿ ಇಲ್ಲ ಅಂತ ಯಾರು ಹೇಳಿದ್ದು? ಇದೆ! ನಾಗರಹೊಳೆಯ ಅಂಚಿನಲ್ಲಿ ಆನೆ ಊರಿಗೆ ಬಾರದಂತೆ ಹಳೇ ರೈಲು ಕಂಬಿಗಳನ್ನು ನೆಟ್ಟು ಅಡ್ಡ ಕಟ್ಟಿದ್ದಾರೆ, ರೈಲ್ವೆ ಬ್ಯಾರಿಕೇಡ್ ಅಂತ. ಮೊದಲ ಸಲ ನೋಡಿದಾಗ ಬೈಕು ನಿಲ್ಲಿಸಿ ಕಂಬಿಯ ಪಕ್ಕದಲ್ಲಿ ಉಬ್ಬಿದ ಅಕ್ಷರ ಓದುತ್ತಾ ನಿಂತಿದ್ದೆ. ತಯಾರಾದ ವರ್ಷ, ಮೀಟರಿಗೆ ಎಷ್ಟು ಕೆಜಿ ತೂಕ ಎಲ್ಲ ಅದರಲ್ಲಿ ಇರುತ್ತದೆ. ಎಷ್ಟೋ ರೈಲು ಹೊತ್ತು ರಿಟೈರ್ ಆದ ಕಂಬಿ ಕಾಫಿ ತೋಟದ ಪಕ್ಕ ಕಾವಲು ನಿಂತಿದೆ. ಹಿಂದಿನಿಂದ ಬಂದ ಜೀಪಿನವರು "ಇಲ್ಲಿ ನಿಲ್ಲಬೇಡಿ ಮಾರಾಯ್ರೆ, ಆನೆ ಇದೆ" ಅಂತ ಗದರಿಸಿ ಹೋದರು. 2018ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿಯ ಹತ್ತಿರ ಇಂಥದೇ ಬ್ಯಾರಿಕೇಡು ದಾಟಲು ಹೋಗಿ ಒಂದು ಆನೆ ಸಿಕ್ಕಿಹಾಕಿಕೊಂಡು ಸತ್ತಿತು. ನಿಂತ ಹಳಿಯೇ ಆನೆ ಕೊಲ್ಲುವಾಗ, ಮೇಲೆ ರೈಲು ಓಡುವ ಹಳಿ? ಕೊಯಮತ್ತೂರಿನ ಹತ್ತಿರ ಮದುಕ್ಕರೈಯಲ್ಲಿ ರೈಲಿಗೆ ಆನೆ ಸಿಕ್ಕಿ ಸಿಕ್ಕಿ, ಕೊನೆಗೆ 2024ರಲ್ಲಿ ಕ್ಯಾಮೆರಾ, ಎಐ ಎಲ್ಲ ಇಟ್ಟು ಕಾಯುವ ವ್ಯವಸ್ಥೆ ಮಾಡಬೇಕಾಯಿತು. ನಾನು ಸಾಫ್ಟ್‌ವೇರಿನವನು, ಆ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಸಾಫ್ಟ್‌ವೇರು ಇದೆ ಅಂತ ಹೊಸ ಕಾಡಿನಲ್ಲಿ ಹಳಿ ಹಾಕುವುದು ಬುದ್ಧಿವಂತಿಕೆಯಲ್ಲ.

ನಮ್ಮ ರೈಲು ಗೆಳೆಯರಿಗೆ ಒಂದು ಮಾತು. ಹೊಸ ಲೈನು ಅಂದ ಕೂಡಲೇ ನಾವು ಚಪ್ಪಾಳೆ ತಟ್ಟುತ್ತೇವೆ. ಘಾಟಿ ಅಂದರಂತೂ ಮುಗಿಯಿತು. ಹಸಿರು, ಮಂಜು, ಸುರಂಗದಿಂದ ಎಂಜಿನ್ ಹೊರಬರುವ ಫೋಟೋ ನನಗೂ ಪ್ರಾಣ. ಆದರೆ ಆ ಫೋಟೋದಲ್ಲಿ ಚಂದ ಇರುವುದು ಅರ್ಧ ಎಂಜಿನ್ನಿನದು, ಅರ್ಧ ಕಾಡಿನದು. ಕಾಡಿನ ಪಾಲನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಇಷ್ಟು ಬರೆದು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಮ್ಮ ಪೂರ್ತಿ ಕೇಳಿ, "ಎಲ್ಲ ಸರಿ. ನಿನ್ನ ದೊಡ್ಡಪ್ಪನಿಗೆ ಜೀಪಿದೆ, ನಿನಗೆ ಬೆಂಗಳೂರಿದೆ. ಮಂಡಿನೋವು ಇಟ್ಟುಕೊಂಡು ಮೈಸೂರು ಬಸ್ಸಿನಲ್ಲಿ ಜೋತಾಡುವವಳು ನಾನು" ಅಂದರು. ನನ್ನ ಹತ್ತಿರ ಮಾತಿರಲಿಲ್ಲ. ವಯನಾಡಿನವರ ಕಷ್ಟವೂ ಇದೇ, ಅವರ ಜಿಲ್ಲೆಗೂ ರೈಲಿಲ್ಲ. ಬೇಡ ಅನ್ನುವವರು ಇದಕ್ಕೆ ಉತ್ತರ ಕೊಡಲೇಬೇಕು, ಬರೀ 'ಬೇಡ' ಅಂತ ಕೂತರೆ ಆಗದು.

ನನ್ನ ಉತ್ತರ ಇಷ್ಟು. ಮೈಸೂರು–ಕುಶಾಲನಗರ ಮಾರ್ಗದ ಮಾತು ವರ್ಷಗಳಿಂದ ಇದೆ, ಸುಮಾರು 87 ಕಿಲೋಮೀಟರ್. ಅದು ಹುಣಸೂರು, ಪಿರಿಯಾಪಟ್ಟಣದ ಬಯಲಿನಲ್ಲಿ ಬಂದು ಕೊಡಗಿನ ಬಾಗಿಲಲ್ಲಿ ನಿಲ್ಲುವ ಯೋಚನೆ. ಅದಕ್ಕೂ ಕೊಡಗಿನಲ್ಲಿ ವಿರೋಧ ಇದೆ. ನನ್ನ ಅಭಿಪ್ರಾಯ ಬೇರೆ: ಬಾಗಿಲವರೆಗೆ ಬರಲಿ, ಒಳಗೆ ಬೇಡ. ಕುಟ್ಟಕ್ಕೆ ಬೇಕಾದದ್ದು ರೈಲಿನ ಟೈಮಿಗೆ ಹೊಂದುವ ಬಸ್ಸು. ಮೈಸೂರಿನಲ್ಲಿ ರೈಲು ಇಳಿದವರು ಬಸ್‌ಸ್ಟ್ಯಾಂಡಿಗೆ ಓಡಿ, ಸೀಟು ಸಿಗದೆ, ಮೂರು ಗಂಟೆ ನಿಂತು ಬರುವ ಹಾಗಿರಬಾರದು. ರೈಲ್ವೆ ಸ್ಟೇಷನ್ನಿನಿಂದಲೇ ಗೋಣಿಕೊಪ್ಪಲು, ಕುಟ್ಟಕ್ಕೆ ಸೀಟು ಬುಕ್ ಮಾಡುವ ಎರಡು ಒಳ್ಳೆ ಬಸ್ಸು ಸಾಕು, ಅಮ್ಮನ ಮಂಡಿ ಬದುಕುತ್ತದೆ. ಇದಕ್ಕೆ ಒಂದು ಮರವೂ ಬೀಳಬೇಕಿಲ್ಲ. ಆದರೆ ಬಸ್ಸಿಗಾಗಿ ಯಾರೂ ಮೆರವಣಿಗೆ ಮಾಡುವುದಿಲ್ಲ, ನೋಡಿ.

ಮೊನ್ನೆ ಶನಿವಾರ ದೊಡ್ಡಪ್ಪ ಕಣ್ಣು ತೋರಿಸಲು ಬೆಂಗಳೂರಿಗೆ ಬಂದರು. ಮಾತಾಡದೆ ಬಂದು ಮೇಜಿನ ಮುಂದೆ ನಿಂತರು. ನೋಡಿದರು. "ತೋಟಕ್ಕೆ ನೆರಳು ಮರವೇ ಇಲ್ಲ. ಈ ಕಾಫಿ ಒಂದು ಬೇಸಿಗೆಯೂ ಬದುಕುವುದಿಲ್ಲ" ಅಂದರು. ಕಾಡಿನ ಪಕ್ಕ ಆನೆ ಕಂದಕ ಎಲ್ಲಿ ಅಂತಲೂ ಕೇಳಿದರು. ಆಮೇಲೆ ಕಂಟ್ರೋಲರ್ ಕೈಗೆ ತೆಗೆದುಕೊಂಡು ಮುಕ್ಕಾಲು ಗಂಟೆ ರೈಲು ಓಡಿಸಿದರು. ಬೋರ್ಡಿನ ಸುದ್ದಿ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಇಲ್ಲಿ ಓಡಲಿ ಬಿಡು. ಇಲ್ಲಿಗೇ ಸಾಕು" ಅಂದರು.

ನಾನು ಹೇಳಬೇಕೆಂದಿದ್ದೂ ಅಷ್ಟೇ. ನೀವೇನಂತೀರಿ? ಕೊಡಗಿನವರು, ವಯನಾಡಿನವರು, ರೈಲಿನವರು ಎಲ್ಲರೂ ಬೈಯಬಹುದು, ಬೇಜಾರಿಲ್ಲ. ಸಿಲ್ವರ್ ಓಕ್ ಮರ ಮಾಡಲು ಏನು ಬಳಸಬೇಕು ಅಂತ ಗೊತ್ತಿದ್ದವರು ಮಾತ್ರ ದಯವಿಟ್ಟು ಮೊದಲು ಬರೆಯಿರಿ :)