ಕಚೇರಿಯ ಸಂಗ್ರಹ ಸಾಧನ: ನಿಧಾನಕ್ಕೆ ಕಾರಣ ಪೆಟ್ಟಿಗೆಯೋ, ತಂತಿಯೋ?

ಕಚೇರಿಯ ಕಡತಗಳನ್ನೆಲ್ಲ ಒಂದೆಡೆ ಇರಿಸಿ, ಎಲ್ಲರೂ ಅಲ್ಲಿಂದಲೇ ತೆರೆದು ಕೆಲಸ ಮಾಡುವ ವ್ಯವಸ್ಥೆ ಇಂದು ದೊಡ್ಡ ಸಂಸ್ಥೆಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಐದು-ಹತ್ತು ಮಂದಿ ದುಡಿಯುವ ಸಗಟು ಮಳಿಗೆಗಳಲ್ಲಿಯೂ ಯಂತ್ರಭಾಗ ತಯಾರಿಸುವ ಸಣ್ಣ ಘಟಕಗಳಲ್ಲಿಯೂ ‘ನ್ಯಾಸ್’ ಎಂದು ಕರೆಯಲಾಗುವ ನೆಟ್‌ವರ್ಕ್ ಸಂಗ್ರಹ ಸಾಧನ ಮೂಲೆಯೊಂದರಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಮೂರು-ನಾಲ್ಕು ವರ್ಷ ಕಳೆಯುವಷ್ಟರಲ್ಲಿ ದೂರುಗಳು ಮೊದಲಾಗುತ್ತವೆ. ನಕ್ಷೆ ತೆರೆಯಲು ನಿಮಿಷಗಟ್ಟಲೆ ಕಾಯಬೇಕು. ಮಾರ್ಚ್ ಕೊನೆಯಲ್ಲಂತೂ ಲೆಕ್ಕಪತ್ರದ ತಂತ್ರಾಂಶ ಮುಂದೆ ಸರಿಯುವುದೇ ಇಲ್ಲ. ಮಾರಾಟಗಾರರು ಸೂಚಿಸುವ ಪರಿಹಾರ ಸಾಮಾನ್ಯವಾಗಿ ಒಂದೇ: ಇನ್ನೂ ವೇಗದ ಹೊಸ ಸಾಧನ. ಈ ಸಲಹೆಯನ್ನು ಒಪ್ಪುವ ಮುನ್ನ ಉದ್ಯಮಿಗಳು ಒಂದು ದಿನದ ಪರೀಕ್ಷೆಗೆ ಅವಕಾಶ ಕೊಡುವುದು ಲೇಸು. ನಿಧಾನದ ಮೂಲ ಎಷ್ಟೋ ವೇಳೆ ಪೆಟ್ಟಿಗೆಯಲ್ಲಿರುವುದಿಲ್ಲ, ಅದಕ್ಕೆ ಹೋಗುವ ತಂತಿಯಲ್ಲಿರುತ್ತದೆ.

ಜಾಲದ ವೇಗವನ್ನು ಬಿಟ್‌ಗಳಲ್ಲಿಯೂ ಕಡತದ ಗಾತ್ರವನ್ನು ಬೈಟ್‌ಗಳಲ್ಲಿಯೂ ಹೇಳುವ ರೂಢಿಯಿಂದ ಅನೇಕರಿಗೆ ಗೊಂದಲವಾಗುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 11-12 ಮೆಗಾಬೈಟ್, ಗಿಗಾಬಿಟ್ ಜಾಲದಲ್ಲಿ ಸುಮಾರು 110 ಮೆಗಾಬೈಟ್ ಸಾಗುತ್ತದೆ. ಎರಡು ಗಿಗಾಬೈಟ್ ತೂಗುವ ನಕ್ಷೆಗಳ ಕಡತಕೋಶವೊಂದು ಮೊದಲನೆಯದರಲ್ಲಿ ಮೂರು ನಿಮಿಷ ತೆಗೆದುಕೊಂಡರೆ ಎರಡನೆಯದರಲ್ಲಿ ಇಪ್ಪತ್ತು ಸೆಕೆಂಡಿನೊಳಗೆ ಬಂದು ಸೇರುತ್ತದೆ. ಸಾಧಾರಣ ಹಾರ್ಡ್ ಡಿಸ್ಕ್ ಕೂಡ ದೊಡ್ಡ ಕಡತವನ್ನು ಸೆಕೆಂಡಿಗೆ 150ರಿಂದ 200 ಮೆಗಾಬೈಟ್ ವೇಗದಲ್ಲಿ ಓದಬಲ್ಲದು. ಅಂದರೆ ಗಿಗಾಬಿಟ್ ತಂತಿಗೇ ಅದರ ವೇಗವನ್ನು ಪೂರ್ತಿ ಸಾಗಿಸಲಾಗದು. ತಂತಿ 100 ಮೆಗಾಬಿಟ್‌ನದಾದರೆ ಎಷ್ಟೇ ದುಬಾರಿ ಸಾಧನ ತಂದರೂ ಫಲ ಅಷ್ಟಕ್ಕಷ್ಟೇ.

ಗಿಗಾಬಿಟ್ ಜಾಲವೆಂದು ನಂಬಿರುವ ಕಚೇರಿಯಲ್ಲಿಯೂ 100 ಮೆಗಾಬಿಟ್ ಅಡಗಿ ಕುಳಿತಿರುವುದುಂಟು. ಜಾಲದ ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಇಲಿ ಒಂದು ಜೋಡಿಯನ್ನು ಕಡಿದರೂ, ತುದಿಯ ಕನೆಕ್ಟರ್‌ನಲ್ಲಿ ಒಂದು ಎಳೆ ಸಡಿಲವಾದರೂ ಸಂಪರ್ಕ ಕಡಿಯದೆ, ತೆಪ್ಪಗೆ ಕೆಳವೇಗಕ್ಕೆ ಇಳಿಯಬಹುದು. ಇದರಿಂದ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸ ಕೇಬಲ್ ಎಳೆಯುವ ಖರ್ಚು ಉಳಿಸಲು ಒಂದೇ ಕೇಬಲ್‌ನ ನಾಲ್ಕು ಜೋಡಿಗಳನ್ನು ಎರಡೆರಡಾಗಿ ಹಂಚಿ ಎರಡು ಗಣಕಯಂತ್ರಗಳಿಗೆ ಕೊಡುವ ಹಳೆಯ ಚಾಳಿಯೂ ಇದೇ ಫಲ ನೀಡುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯನ್ನು ತಾಮ್ರದ ಕೇಬಲ್ ಎಂದು ಅಗ್ಗಕ್ಕೆ ಮಾರುವವರ ಬಗ್ಗೆಯೂ ಎಚ್ಚರ ಅಗತ್ಯ. ಪರೀಕ್ಷೆ ಕಷ್ಟದ್ದಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸ್ಥಿತಿಯ ಕಿಟಕಿಯಲ್ಲಿ ಪ್ರತಿ ಯಂತ್ರದ ಸಂಪರ್ಕವೇಗ ನಮೂದಾಗಿರುತ್ತದೆ. ಪ್ರತಿ ಮೇಜಿನ ಬಳಿಯೂ ಅದನ್ನು ಓದಿ ಬರೆದುಕೊಂಡರಾಯಿತು. ವೈ-ಫೈ ಮೂಲಕ ಕೆಲಸ ಮಾಡುವವರನ್ನು ಒಂದು ದಿನ ಕೇಬಲ್‌ಗೆ ಬದಲಿಸಿ ನೋಡುವುದೂ ಉಚಿತ. ಸ್ವಿಚ್ ಮತ್ತು ಕೇಬಲ್ ಬದಲಾವಣೆಗೆ ತಗಲುವ ವೆಚ್ಚ ಹೊಸ ಸಾಧನದ ಬೆಲೆಯ ಒಂದು ಸಣ್ಣ ಭಾಗ ಮಾತ್ರ.

ಎರಡು ಗಿಗಾಬಿಟ್ ಪೋರ್ಟ್‌ಗಳಿದ್ದರೆ ವೇಗ ಇಮ್ಮಡಿಯಾಗುತ್ತದೆಂಬ ಪ್ರಚಾರವೂ ಅರ್ಧಸತ್ಯ. ಪೋರ್ಟ್‌ಗಳನ್ನು ಜೋಡಿಸಿದರೆ ಹಲವರು ಏಕಕಾಲಕ್ಕೆ ಕಡತ ತೆಗೆಯುವಾಗ ಹೊರೆ ಹಂಚಿಹೋಗುತ್ತದೆ ನಿಜ. ಆದರೆ ಒಂದೇ ಗಿಗಾಬಿಟ್ ಪೋರ್ಟ್ ಇರುವ ಗಣಕಯಂತ್ರಕ್ಕೆ ಮೊದಲಿದ್ದ ವೇಗವೇ ಗತಿ. ಇದಕ್ಕಿಂತ 2.5 ಗಿಗಾಬಿಟ್‌ನ ಒಂದೇ ಪೋರ್ಟ್ ಉತ್ತಮ ಆಯ್ಕೆ. 2016ರಲ್ಲಿ ರೂಪುಗೊಂಡ ಈ ಮಾನದಂಡ ಸರಿಯಾಗಿ ಅಳವಡಿಸಿದ ಕ್ಯಾಟ್-5ಇ ಕೇಬಲ್‌ನಲ್ಲಿಯೇ 100 ಮೀಟರ್‌ವರೆಗೆ ನಡೆಯುತ್ತದೆ, ಗೋಡೆ ಒಡೆಯಬೇಕಾಗಿಲ್ಲ. ಆದರೆ ಸ್ವಿಚ್ ಮತ್ತು ಗಣಕಯಂತ್ರಗಳೂ ಆ ವೇಗಕ್ಕೆ ಸಜ್ಜಾಗಿರಬೇಕು.

ಲೆಕ್ಕಪತ್ರದ ತಂತ್ರಾಂಶದ ಸಂಗತಿಯೇ ಬೇರೆ. ಅದು ಒಂದು ದೊಡ್ಡ ಕಡತವನ್ನು ಒಮ್ಮೆಗೆ ಎಳೆಯುವುದಿಲ್ಲ. ಅಲ್ಲೊಂದು ಇಲ್ಲೊಂದು ಎಂದು ಸಾವಿರಾರು ಚಿಕ್ಕ ತುಣುಕುಗಳನ್ನು ಕೇಳುತ್ತದೆ. ನಿಮಿಷಕ್ಕೆ 7,200 ಬಾರಿ ಸುತ್ತುವ ಡಿಸ್ಕ್‌ನಲ್ಲಿ ಬೇಕಾದ ಜಾಗ ಮುಳ್ಳಿನಡಿಗೆ ಬರಲು ಸರಾಸರಿ 4 ಮಿಲಿಸೆಕೆಂಡಿಗೂ ಮೀರಿ ಕಾಯಬೇಕು, ಮುಳ್ಳು ಸರಿಯುವ ಸಮಯ ಬೇರೆ. ಹೀಗಾಗಿ ಅದು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಬೇಡಿಕೆಗಳನ್ನು ಮಾತ್ರ ಪೂರೈಸಬಲ್ಲದು. ಸುತ್ತುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಸಾವಿರಾರು ಬೇಡಿಕೆಗಳನ್ನು ಪೂರೈಸುತ್ತದೆ. ನಾಲ್ವರು ಗುಮಾಸ್ತರು ಒಟ್ಟಿಗೆ ಬಿಲ್ಲು ಹಾಕುವ ಮಳಿಗೆಗೆ ಹೆಚ್ಚು ಪೋರ್ಟ್‌ಗಳಿಗಿಂತ ಒಂದು ಜೋಡಿ ಎಸ್‌ಎಸ್‌ಡಿ ಮೇಲು. ಹಳೆಯ ನಕ್ಷೆ, ಛಾಯಾಚಿತ್ರಗಳು ಸಾಮಾನ್ಯ ಡಿಸ್ಕ್‌ನಲ್ಲಿಯೇ ಇರಲಿ.

ಡಿಸ್ಕ್ ಕೊಳ್ಳುವಾಗ ಅದರ ಬರವಣಿಗೆಯ ವಿಧಾನವನ್ನೂ ಕೇಳಿ ತಿಳಿಯತಕ್ಕದ್ದು. ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಬರೆಯುವ ಎಸ್‌ಎಂಆರ್ ಡಿಸ್ಕ್‌ಗಳು ಸತತ ಬರವಣಿಗೆಯ ಹೊರೆ ಬಿದ್ದಾಗ ಕುಗ್ಗಿಬಿಡುತ್ತವೆ. ಕೆಟ್ಟ ಡಿಸ್ಕ್‌ಗೆ ಬದಲಾಗಿ ಹಾಕಿದಾಗ ಮಾಹಿತಿ ಮರುತುಂಬಲು ಬಹುಕಾಲ ಹಿಡಿಯುತ್ತದೆ. ನ್ಯಾಸ್ ಸಾಧನಗಳಿಗೆಂದೇ ಮಾರಿದ ಕೆಲವು ಡಿಸ್ಕ್‌ಗಳಲ್ಲಿಯೂ ಈ ವಿಧಾನ ಇತ್ತೆಂಬುದನ್ನು ವೆಸ್ಟರ್ನ್ ಡಿಜಿಟಲ್ ಸಂಸ್ಥೆ 2020ರಲ್ಲಿ ಒಪ್ಪಿಕೊಂಡಿತು. ಸಿಎಂಆರ್ ಎಂದು ನಮೂದಾಗಿರುವುದನ್ನೇ ಕೇಳಿ ಪಡೆಯಬೇಕು.

ತಂತಿ ಸರಿಪಡಿಸಿ ಉಳಿದ ಹಣಕ್ಕೆ ವೇಗಕ್ಕಿಂತ ತುರ್ತಿನ ಬಾಬತ್ತೊಂದಿದೆ. ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯನ್ನಿಡುವ ‘ರೇಡ್’ ವ್ಯವಸ್ಥೆಯನ್ನೇ ಬ್ಯಾಕಪ್ ಎಂದು ಭಾವಿಸಿರುವವರು ಬಹಳ. ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ. ಆದರೆ ಗುಮಾಸ್ತ ಕಡತ ಅಳಿಸಿದರೆ ಎರಡರಲ್ಲಿಯೂ ಒಟ್ಟಿಗೇ ಅಳಿಯುತ್ತದೆ. 2022ರಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶ, ಅಂತರಜಾಲಕ್ಕೆ ನೇರವಾಗಿ ತೆರೆದಿಟ್ಟಿದ್ದ ಸಾವಿರಾರು ನ್ಯಾಸ್ ಸಾಧನಗಳಿಗೆ ಬೀಗ ಜಡಿದು ಹಣ ಕೇಳಿತು. ಕಾನೂನಿನ ಹೊಣೆಯೂ ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಪ್ರಕರಣದಂತೆ, ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳು ಇರಬೇಕು. ಕಂಪನಿಗಳಾದರೆ 2013ರ ಕಾಯ್ದೆಯಂತೆ 8 ಹಣಕಾಸು ವರ್ಷ. ಲೆಕ್ಕಪುಸ್ತಕಗಳನ್ನು ವಿದ್ಯುನ್ಮಾನ ರೂಪದಲ್ಲಿಡುವ ಕಂಪನಿಗಳು ಅವುಗಳ ಪ್ರತಿಯನ್ನು ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸಬೇಕೆಂದು 2022ರಲ್ಲಿ ನಿಯಮ ತಿದ್ದಲಾಯಿತು. ಹೀಗಿರುವಾಗ ಇರುವ ಒಂದೇ ಪೆಟ್ಟಿಗೆಯನ್ನು ವೇಗದ ಪೆಟ್ಟಿಗೆಯಾಗಿ ಬದಲಿಸುವುದಕ್ಕಿಂತ, ಹಳೆಯದನ್ನೇ ಬೇರೊಂದು ಕಟ್ಟಡದಲ್ಲಿ ಎರಡನೇ ಪ್ರತಿಗೆ ಇಟ್ಟುಕೊಳ್ಳುವುದು ಮತ್ತು ಎರಡಕ್ಕೂ ಯುಪಿಎಸ್ ಒದಗಿಸುವುದು ಜಾಣತನ.

ಇಷ್ಟಾಗಿಯೂ ಹೊಸ ಸಾಧನವೇ ಬೇಕೆಂದು ಕಂಡುಬಂದರೆ ದರಪಟ್ಟಿಯ ನಮೂನೆ ಬದಲಾಗಬೇಕು. ಈಗಿನ ದರಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಾಧನದ ಮಾದರಿ, ಟೆರಾಬೈಟ್, ಬೆಲೆ ಇಷ್ಟೇ. ಡಿಸ್ಕ್ ಸಿಎಂಆರ್ ಹೌದೇ, ಗ್ರಾಹಕರ ಕಚೇರಿಯ ಜಾಲದ ಅಳತೆ ಮಾಡಿದ ವೇಗ ಎಷ್ಟು, ಗ್ರಾಹಕರದೇ ಕಡತಗಳನ್ನು ಅವರದೇ ಮೇಜಿನಿಂದ ತೆರೆದಾಗ ಎಷ್ಟು ಸೆಕೆಂಡು ಹಿಡಿಯಿತು ಎಂಬ ಮೂರು ಸಾಲುಗಳನ್ನು ಅದಕ್ಕೆ ಸೇರಿಸುವಂತೆ ಕೊಳ್ಳುವವರು ಒತ್ತಾಯಿಸಬೇಕು. ಅಳತೆಗೆ ಒಪ್ಪದ ಮಾರಾಟಗಾರರಿಗೆ ಮುಂಗಡ ಕೊಡಬೇಕಾದ ಅಗತ್ಯವಿಲ್ಲ.