ಉಪ್ಪುನೀರಿನ ಕೊಳವೂ ಉಸ್ತುವಾರಿಯ ಲೆಕ್ಕವೂ

ವಿಜ್ಞಾನದ ಪಾಠ ಹೇಳುತ್ತಿದ್ದ ದಿನಗಳಲ್ಲಿ ನನಗೆ ಬಹು ಪ್ರಿಯವಾಗಿದ್ದ ಪ್ರಯೋಗವೊಂದಿತ್ತು. ಗಾಜಿನ ಜಾಡಿಯ ತಳದಲ್ಲಿ ಶಾಯಿ ಬೆರೆಸಿದ ಗಟ್ಟಿ ಉಪ್ಪುನೀರು. ಅದರ ಮೇಲೆ ಕಾಗದದ ಚೂರೊಂದನ್ನು ತೇಲಿಬಿಟ್ಟು ಮೆಲ್ಲನೆ ಸುರಿದ ಸಿಹಿನೀರು. ಗಂಟೆಗಳು ಕಳೆದರೂ ನೀಲಿ ಕೆಳಗೇ, ತಿಳಿ ಮೇಲೇ. "ಕೆಳಗಿನ ನೀರು ಕಾದರೆ ಮೇಲೆ ಬರುವುದಿಲ್ಲವೇ ಸಾರ್?" ಎಂದು ಹುಡುಗಿಯೊಬ್ಬಳು ಕೇಳಿದ್ದಳು.

ಸೌರಕೊಳದ ಗುಟ್ಟು ಆ ಪ್ರಶ್ನೆಯಲ್ಲೇ ಇದೆ. ಸಾಧಾರಣ ಕೆರೆಯಲ್ಲಿ ಕಾದ ನೀರು ಹಗುರಾಗಿ ಮೇಲೇರಿ ತನ್ನ ಶಾಖವನ್ನು ಗಾಳಿಗೆ ಒಪ್ಪಿಸುತ್ತದೆ. ಸೌರಕೊಳದ ತಳದ ನೀರಾದರೋ ಉಪ್ಪಿನಿಂದ ಎಷ್ಟು ಭಾರವೆಂದರೆ, ಕಾದರೂ ಮೇಲೇಳಲಾರದು. ಕೆಳಗಿನಿಂದ ಮೇಲಕ್ಕೆ ಉಪ್ಪು ಕಡಿಮೆಯಾಗುತ್ತ ಹೋಗುವ ನಡುವಿನ ಪದರವು ಕಂಬಳಿಯಂತೆ ಶಾಖವನ್ನು ಕಾಯುತ್ತದೆ. ಬಿಸಿಲನ್ನು ಹಿಡಿಯುವುದೂ ಕೂಡಿಡುವುದೂ ಒಂದೇ ಕೊಳ; ರಾತ್ರಿಗೂ ಮೋಡದ ದಿನಗಳಿಗೂ ಬೇರೆ ತೊಟ್ಟಿ ಬೇಡ. ಇದೇ ಅದರ ದೊಡ್ಡ ಉಳಿತಾಯ.

ನಮ್ಮ ದೇಶದಲ್ಲಿ ಇದು ಬರಿಯ ಕನಸಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 240 ಚದರ ಮೀಟರಿನ ಪ್ರಾಯೋಗಿಕ ಕೊಳವಿತ್ತು. ಗುಜರಾತಿನ ಭುಜ್‌ನಲ್ಲಿ 1987ರಲ್ಲಿ ಆರಂಭವಾದ ಕೆಲಸ 1993ರಲ್ಲಿ ಮುಗಿದು, 6000 ಚದರ ಮೀಟರಿನ ಕೊಳವು ಅಲ್ಲಿನ ಡೈರಿಗೆ ದಿನಕ್ಕೆ ಸುಮಾರು 80,000 ಲೀಟರ್ ಬಿಸಿನೀರನ್ನು ಕೊಟ್ಟಿತು. ಕಚ್ಛ್ ಉಪ್ಪಿನ ಸೀಮೆ, ಬಿಸಿಲಿಗೆ ಬರವಿಲ್ಲ, ಬಿಸಿನೀರು ಬೇಕಾದ ಡೈರಿ ಪಕ್ಕದಲ್ಲೇ. ಆ ಕೊಳ ಇಂದು ಕೆಲಸದಲ್ಲಿಲ್ಲ. ಅದು ಕಲಿಸಿದ ಪಾಠ ಮಾತ್ರ ಉಳಿದಿದೆ.

ಇಸ್ರೇಲಿನವರು ಮೃತ ಸಮುದ್ರದ ಬಳಿಯ ಬೇತ್ ಹಅರಾವಾದಲ್ಲಿ ಇಂಥ ಕೊಳದಿಂದ 5 ಮೆಗಾವಾಟ್ ವಿದ್ಯುತ್ತನ್ನೇ ತೆಗೆದರು. ಅದು 1988ರವರೆಗೆ ನಡೆಯಿತು. ಆದರೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಹದಿನೈದು-ಇಪ್ಪತ್ತು ಪಾಲು ಶಾಖವಾಗಿ ದಕ್ಕಿದರೆ, ವಿದ್ಯುತ್ತಾಗಿ ದಕ್ಕುವುದು ಒಂದೆರಡು ಪಾಲಷ್ಟೆ. ಸೌರಫಲಕಗಳು ಅಗ್ಗವಾಗಿರುವ ಈ ಕಾಲದಲ್ಲಿ ಕೊಳದಿಂದ ವಿದ್ಯುತ್ತನ್ನು ಬೇಡುವುದು ಎತ್ತಿನಿಂದ ಹಾಲು ಕರೆಯಹೊರಟಂತೆ. ಅದರಿಂದ ಶಾಖವನ್ನೇ ಕೇಳಬೇಕು.

ಹೀಗೆ ಶಾಖವನ್ನಷ್ಟೇ ಕೇಳಿದರೂ ಖರ್ಚು ತಪ್ಪುವುದಿಲ್ಲ. ನಾಲ್ಕು ಬಾಬ್ತುಗಳಿವೆ: ನೆಲ, ಉಪ್ಪು, ಸೋರದಂತೆ ತಳಕ್ಕೆ ಹಾಸುವ ಪದರ, ಉಸ್ತುವಾರಿ. ಮೊದಲ ಮೂರನ್ನು ಎಲ್ಲರೂ ಬರೆಯುತ್ತಾರೆ, ನಾಲ್ಕನೆಯದನ್ನು ಮರೆಯುತ್ತಾರೆ. ಒಮ್ಮೆ ದಸರಾ ರಜೆ ಮುಗಿಸಿ ಬಂದು ನೋಡಿದರೆ ನನ್ನ ಜಾಡಿಯ ತುಂಬ ನೀಲಿ ಹರಡಿತ್ತು! ಕೊಳದಲ್ಲೂ ಉಪ್ಪು ದಿನದಿನವೂ ಮೇಲಕ್ಕೆ ನುಸುಳುತ್ತದೆ. ತಳಕ್ಕೆ ಉಪ್ಪನ್ನು ತುಂಬುತ್ತ, ಮೇಲ್ಪದರವನ್ನು ಸಿಹಿನೀರಿನಿಂದ ತೊಳೆಯುತ್ತ, ಪಾಚಿಯನ್ನೂ ಗಾಳಿಯೆಬ್ಬಿಸುವ ಅಲೆಯನ್ನೂ ತಡೆಯುತ್ತ ಇರಬೇಕು. ತಳ ಸೋರಿದರೆ ಸುತ್ತಲಿನ ಬಾವಿಗಳೇ ಉಪ್ಪಾದಾವು.

ಆದ್ದರಿಂದ ಊರೂರಿಗೊಂದು ಸೌರಕೊಳವೆಂಬ ಘೋಷಣೆ ನನಗೆ ಒಪ್ಪಿಗೆಯಿಲ್ಲ. ನಮ್ಮ ಬಯಲುಸೀಮೆಯಲ್ಲಿ ಬಿಸಿಲುಂಟು, ಉಪ್ಪಿಲ್ಲ. ಸಾಣಿಕಟ್ಟೆಯಲ್ಲಿ ಉಪ್ಪುಂಟು, ಮಳೆಗಾಲದಲ್ಲಿ ಬಿಸಿಲಿಲ್ಲ. ಉಪ್ಪು, ಬಿಸಿಲು, ಸಿಹಿನೀರು, ವರ್ಷವಿಡೀ ಬಿಸಿನೀರು ಬೇಡುವ ಕಾರ್ಖಾನೆ ಒಂದೆಡೆ ಕೂಡುವಲ್ಲಿ ಮಾತ್ರ ಕೊಳವನ್ನು ತೋಡಬೇಕು. ತೋಡುವ ಮೊದಲು, ಅದನ್ನು ನಿತ್ಯ ನೋಡಿಕೊಳ್ಳುವವನ ಸಂಬಳವನ್ನು ಅಂದಾಜುಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಬೇಕು.