ನ್ಯೂಲ್ಯಾಂಡ್ ಸ್ವಾಮಿಗಳ ಸ್ಮರಣೆ ಪೂರ್ಣವಾಗಿರಲಿ

ಅಗಲಿದ ಪ್ರಾಧ್ಯಾಪಕರ ಹೆಸರಿನಲ್ಲಿ ವಿಶ್ವವಿದ್ಯಾನಿಲಯಗಳು ವಿಚಾರ ಸಂಕಿರಣಗಳನ್ನೂ ಉಪನ್ಯಾಸಗಳನ್ನೂ ಏರ್ಪಡಿಸುವುದು ಒಳ್ಳೆಯ ಸಂಪ್ರದಾಯ. ಆದರೆ ಭಾವಚಿತ್ರಕ್ಕೊಂದು ಹಾರ, ನಾಲ್ಕು ಹೊಗಳಿಕೆಯ ಮಾತು, ಇಷ್ಟಕ್ಕೇ ಮುಗಿಯುವ ಸ್ಮರಣೆ ನಮಗೆ ರುಚಿಸದು.

ಅಮೆರಿಕದ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ವಂದನೀಯ ಜೂಲಿಯಸ್ ನ್ಯೂಲ್ಯಾಂಡ್ ಸ್ವಾಮಿಗಳ ಹೆಸರಿನ ರಸಾಯನಶಾಸ್ತ್ರ ಉಪನ್ಯಾಸಮಾಲೆ ನಡೆದುಬಂದಿದೆ. 1878ರಲ್ಲಿ ಬೆಲ್ಜಿಯಂ ದೇಶದಲ್ಲಿ ಜನಿಸಿದ ಅವರು ಎಳವೆಯಲ್ಲೇ ಅಮೆರಿಕ ಸೇರಿದವರು. ಪವಿತ್ರ ಶಿಲುಬೆ ಸಭೆಯ ಗುರುಗಳು. 1903ರಲ್ಲಿ ಗುರುದೀಕ್ಷೆ, ಮರುವರ್ಷವೇ ಡಾಕ್ಟರೇಟ್. ಹಲವು ವರ್ಷ ಸಸ್ಯಶಾಸ್ತ್ರವನ್ನೂ ಬೋಧಿಸಿದರು. ಒಬ್ಬರಿಗೆ ಒಂದೇ ವಿಷಯವೆಂಬ ಕಟ್ಟು ಆಗಿನ್ನೂ ಇಷ್ಟು ಬಿಗಿಯಾಗಿರಲಿಲ್ಲ!

ಅವರ ಒಲವೆಲ್ಲ ಅಸಿಟಿಲೀನ್ ಅನಿಲದ ಮೇಲಿತ್ತು. ವೆಲ್ಡಿಂಗ್ ಅಂಗಡಿಗಳಲ್ಲಿ ಉರಿಸುವ ಅನಿಲವೇ ಅದು. ತಾಮ್ರದ ಲವಣದ ನೆರವಿನಿಂದ ಅದರ ಅಣುಗಳನ್ನು ಒಂದಕ್ಕೊಂದು ಕೂಡಿಸಿದ ಬಗೆಯನ್ನು ಅವರು 1925ರಲ್ಲಿ ರೋಚೆಸ್ಟರ್ ನಗರದ ವಿಚಾರ ಸಂಕಿರಣವೊಂದರಲ್ಲಿ ವಿವರಿಸಿದರು. ಡ್ಯೂಪಾಂಟ್ ಕಂಪನಿಯ ಎಲ್ಮರ್ ಬೋಲ್ಟನ್ ಅಲ್ಲಿ ಕಿವಿಗೊಟ್ಟು ಕುಳಿತಿದ್ದರು. ಆ ಕಂಪನಿಯ ಸಂಶೋಧಕರು ಅದೇ ಜಾಡಿನಲ್ಲಿ ಮುನ್ನಡೆದು 1930ರಲ್ಲಿ ಕೃತಕ ರಬ್ಬರೊಂದನ್ನು ಪಡೆದರು. ಅದೇ ನಿಯೋಪ್ರೀನ್. ಎಣ್ಣೆ ತಾಗಿದರೆ ಮರದ ರಬ್ಬರು ಉಬ್ಬಿ ಹಾಳಾಗುತ್ತದೆ. ಇದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬಡತನದ ವ್ರತ ಕೈಗೊಂಡಿದ್ದ ಸ್ವಾಮಿಗಳು ಅದರ ರಾಯಧನವನ್ನು ತಮಗೆಂದು ಇಟ್ಟುಕೊಳ್ಳಲಿಲ್ಲ. ಅದು ವಿಶ್ವವಿದ್ಯಾನಿಲಯಕ್ಕೆ ಸಂದಿತು.

ಇಷ್ಟನ್ನೇ ಹೇಳಿದರೆ ಸ್ಮರಣೆ ಅರ್ಧವಾದೀತು. ಡಾಕ್ಟರೇಟಿಗಾಗಿ ದುಡಿಯುತ್ತಿದ್ದಾಗ ಅವರು ಇದೇ ಅಸಿಟಿಲೀನನ್ನು ಪಾಷಾಣದ ಕ್ಲೋರೈಡಿನೊಡನೆ ಬೆರೆಸಿದ್ದರು. ಹುಟ್ಟಿದ ವಿಷದಿಂದ ಅಸ್ವಸ್ಥರಾಗಿ ಆ ಪ್ರಯೋಗವನ್ನೇ ಕೈಬಿಟ್ಟರು. ಆದರೆ ಪ್ರಬಂಧದಲ್ಲಿ ಬರೆದಿಟ್ಟದ್ದು ಉಳಿಯಿತು. 1918ರಲ್ಲಿ ಅದು ವಿನ್‌ಫೋರ್ಡ್ ಲೂಯಿಸ್ ಎಂಬ ರಸಾಯನತಜ್ಞರ ಗಮನಕ್ಕೆ ಬಂದು, ಮೈಮೇಲೆ ಬೊಬ್ಬೆಯೇಳಿಸುವ ‘ಲೂಯಿಸೈಟ್’ ಎಂಬ ಯುದ್ಧಾಸ್ತ್ರವಾಯಿತು. ಮೊದಲ ಮಹಾಯುದ್ಧದಲ್ಲಿ ಅದು ಬಳಕೆಯಾಗುವ ಮುನ್ನವೇ ಯುದ್ಧ ಮುಗಿಯಿತು.

ಸ್ವಾಮಿಗಳ ಹೆಸರಿನ ಸಭೆಯಲ್ಲಿ ಇದನ್ನು ಎತ್ತುವುದು ಅಪಚಾರವೆಂದು ಕೆಲವರು ಭಾವಿಸಬಹುದು. ನಮಗೆ ಹಾಗೆನಿಸುವುದಿಲ್ಲ. ಅವರು ಅಸ್ತ್ರವನ್ನು ಅರಸಿದವರಲ್ಲ. ಅಪಾಯ ಕಂಡೊಡನೆ ಹಿಂದೆ ಸರಿದವರು. ಆ ಹಿಂದೆ ಸರಿದ ಹೆಜ್ಜೆಯೂ ನಿಯೋಪ್ರೀನಿನಷ್ಟೇ ಸ್ಮರಣೀಯ. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿ ಮರುದಿನ ಪ್ರಯೋಗಶಾಲೆಯಲ್ಲಿ ಹಿಡಿಯುವುದೂ ಅಂಥದೇ ಗಾಜಿನ ಪಾತ್ರೆಯನ್ನು. ತನ್ನ ಟಿಪ್ಪಣಿಯನ್ನು ಮುಂದೆ ಯಾರು ಓದಿಯಾರು ಎಂಬ ಪ್ರಶ್ನೆಯನ್ನು ಅವನ ಮುಂದಿಡಲು ಇದಕ್ಕಿಂತ ತಕ್ಕ ಸಂದರ್ಭ ಯಾವುದಿದೆ?